ಮಗಳ ಮನೆಗೆ ಅಮೆರಿಕಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಮರಕುಟಿಗಗಳ ಫೋಟೋ ತೆಗೆಯುವುದು ಹೇಗೆ?

ಮಾರ್ಚ್‌ನಲ್ಲಿ ನಾರ್ತ್ ಕೆರೊಲಿನಾದ ಕ್ಯಾರಿಗೆ ಬರುತ್ತೀರಿ, ಕೈಯಲ್ಲಿ 70-300 ಲೆನ್ಸ್ ಇದೆ, ಕಾರು ಓಡಿಸುವುದಿಲ್ಲ ಅಂತ ಬರೆದಿದ್ದೀರಿ. ಹಾಗಾದರೆ ಮೊದಲ ತಿಂಗಳು ಎಲ್ಲಿಗೂ ಹೋಗಬೇಡಿ. ನಾನೂ ಇದೇ ರಾಜ್ಯದಲ್ಲಿದ್ದೇನೆ. ಇಲ್ಲಿ ಕಾಣುವ ಎಂಟು ಬಗೆಯ ಮರಕುಟಿಗಗಳಲ್ಲಿ ಐದನ್ನು ನಮ್ಮ ಹಿತ್ತಲಲ್ಲೇ ನೋಡಿದ್ದೇನೆ.

ನೀವು ಬರುವ ಸಮಯ ಚೆನ್ನಾಗಿದೆ. ಮರಗಳಿಗೆ ಆಗಿನ್ನೂ ಪೂರ್ತಿ ಎಲೆ ಬಂದಿರುವುದಿಲ್ಲ, ಹಕ್ಕಿ ಸಲೀಸಾಗಿ ಕಾಣುತ್ತದೆ. ಅವು ಕೊಕ್ಕಿನಿಂದ ಮರಕ್ಕೆ ಡೋಲು ಬಡಿಯುವ ಕಾಲವೂ ಅದೇ. ಆ ಟರ್ರ್ ಅನ್ನೋ ಸದ್ದು ಹುಳ ಹುಡುಕುವುದಕ್ಕಲ್ಲ, "ಈ ಜಾಗ ನಂದು" ಅಂತ ಸಾರುವುದಕ್ಕೆ. ಸದ್ದು ಜೋರಾಗಿ ಬಂದರೆ ಸಾಕು, ಚಿಮಣಿಯ ತಗಡನ್ನೂ ಬಿಡುವುದಿಲ್ಲ. ನಮ್ಮಮ್ಮ ಬಂದಿದ್ದಾಗ ಬೆಳಗ್ಗೆ ಆರೂವರೆಗೆ "ಮೇಲೆ ಯಾರೋ ಡ್ರಿಲ್ಲಿಂಗ್ ಮಾಡ್ತಿದಾರೆ, ನೋಡೋ" ಅಂತ ನನ್ನನ್ನು ಎಬ್ಬಿಸಿದ್ದರು.

ಹಕ್ಕಿಗಳಿಗೆ ಏನು ಇಡಬೇಕು ಅಂತ ಅಂಗಡಿಯಲ್ಲಿ ಕೇಳಿದರೆ ಸೂಯೆಟ್ ಕೊಡುತ್ತಾರೆ. ಮರಕುಟಿಗಗಳಿಗೆ ಅದು ಪಂಚಪ್ರಾಣ. ಆದರೆ ಅದು ದನದ ಕೊಬ್ಬು. ಇದು ಗೊತ್ತಾದ ದಿನ ಅಮ್ಮ ಆ ಪೊಟ್ಟಣವನ್ನು ಫ್ರಿಜ್‌ನಿಂದ ಕಡ್ಡಿಯಲ್ಲಿ ತಳ್ಳಿ ಹೊರಗೆ ಹಾಕಿದರು. ನಿಮಗೂ ಮುಜುಗರ ಅನಿಸಿದರೆ ಉಪ್ಪಿಲ್ಲದ ಕಡಲೆಕಾಯಿ ಬೀಜ ಇಡಿ, ಸಾಕು. ಡೌನಿ ಅನ್ನೋ ಪುಟ್ಟ ಕಪ್ಪು-ಬಿಳಿ ಮರಕುಟಿಗವೂ ರೆಡ್-ಬೆಲ್ಲೀಡೂ ಬಂದೇ ಬರುತ್ತವೆ. ರೆಡ್-ಬೆಲ್ಲೀಡ್ ಅಂದರೆ ಕೆಂಪು ಹೊಟ್ಟೆಯದು. ನಿಜಕ್ಕೂ ಕೆಂಪಗಿರುವುದು ತಲೆ, ಹೊಟ್ಟೆ ಮೇಲೆ ಕುಂಕುಮದ ಕೈ ಒರೆಸಿದಷ್ಟೇ ಬಣ್ಣ. ಹೆಸರಿಟ್ಟವರ ಕಣ್ಣು ಎಲ್ಲಿತ್ತೋ!

ದೊಡ್ಡದು ಬೇಕೆಂದರೆ ಪೈಲಿಯೇಟೆಡ್. ಕಾಗೆಯಷ್ಟು ಗಾತ್ರ, ಕಪ್ಪು ಮೈ, ಬೆಂಕಿಯಂಥ ಜುಟ್ಟು. ನಮ್ಮ ಪಶ್ಚಿಮ ಘಟ್ಟದ ಬಿಳಿ ಹೊಟ್ಟೆಯ ದೊಡ್ಡ ಮರಕುಟಿಗ ಇದರ ದಾಯಾದಿ, ಎರಡೂ ಒಂದೇ ಕುಲದವು. ಇದನ್ನು ಮೇಲೆ ಹುಡುಕಬೇಡಿ, ನೆಲ ನೋಡಿ. ಸತ್ತ ಮರದ ಬುಡದಲ್ಲಿ ಹೊಸ ಚಕ್ಕೆಗಳ ರಾಶಿ, ಮೇಲೆ ಉದ್ದಚೌಕದ ತೂತು ಕಂಡರೆ ಅದು ಇರುವೆಗಾಗಿ ಕೊರೆದ ಜಾಗ, ಮತ್ತೆ ಬರಬಹುದು. ಮೊದಲ ವರ್ಷ ನಾನು ಒಂದು ಪೈಲಿಯೇಟೆಡ್ ಹಿಂದೆ ಮರ ಸುತ್ತಿದೆ. ನಾನು ಈ ಕಡೆ ಬಂದರೆ ಅದು ಆ ಕಡೆ. ಕೊನೆಗೆ ಸಿಕ್ಕಿದ್ದು ನಲವತ್ತು ಬಾಲದ ಫೋಟೋ. ಈಗ ಸುಮ್ನೆ ಕೂತುಬಿಡುತ್ತೇನೆ. ಅದೇ ಇಣುಕುತ್ತದೆ.

ಕ್ಯಾಮೆರಾ ವಿಷಯ ಜಾಸ್ತಿ ಇಲ್ಲ. ಡೋಲು ಬಡಿಯುವಾಗ ತಲೆ ಸೆಕೆಂಡಿಗೆ 15-20 ಸಲ ಬಡಿಯುತ್ತದೆ, ಶಟರ್ ವೇಗ 1/2000 ಸೆಕೆಂಡ್ ಇಟ್ಟರೂ ಕೊಕ್ಕು ಕದಡಬಹುದು. ಒಂದು ಸುತ್ತು ಬಡಿದು ತಲೆ ಎತ್ತಿ ಕಿವಿಗೊಡುತ್ತದಲ್ವಾ, ಆಗ ಒತ್ತಿ. ಅದಕ್ಕೆ 1/800 ಸಾಕು. ಕಿಟಕಿಯ ಒಳಗಿಂದ ತೆಗೆಯುವುದಾದರೆ ಕೋಣೆಯ ದೀಪ ಆರಿಸಿ, ಲೆನ್ಸನ್ನು ಗಾಜಿಗೆ ತಾಗುವಷ್ಟು ಹತ್ತಿರ ಹಿಡಿಯಿರಿ.

ಇನ್ನು ಮಗಳ ಹತ್ತಿರ ಒಂದೇ ಒಂದು ಸಂಜೆ ಕೇಳಿ ಇಟ್ಟುಕೊಳ್ಳಿ, ಏಪ್ರಿಲ್‌ನಲ್ಲಿ. ಸದರ್ನ್ ಪೈನ್ಸ್ ಊರಿನ ವೇಮತ್ ವುಡ್ಸ್‌ಗೆ ಕರೆದುಕೊಂಡು ಹೋಗಲು ಹೇಳಿ. ಕ್ಯಾರಿಯಿಂದ ಒಂದು ಗಂಟೆ ಚಿಲ್ಲರೆ ದಾರಿ. ಅಲ್ಲಿ ಉದ್ದ ಎಲೆಯ ಲಾಂಗ್‌ಲೀಫ್ ಪೈನ್ ಕಾಡಿದೆ, ಅದರಲ್ಲಿ ರೆಡ್-ಕಾಕೇಡೆಡ್ ಮರಕುಟಿಗ ಇದೆ. ಉಳಿದವು ಸಾಮಾನ್ಯವಾಗಿ ಸತ್ತ ಮರವನ್ನೋ ಒಣ ಕೊಂಬೆಯನ್ನೋ ಕೊರೆದರೆ, ಇದು ಜೀವಂತ ಪೈನ್ ಮರದಲ್ಲೇ ಪೊಟರೆ ಮಾಡುತ್ತದೆ. ಒಂದು ಪೊಟರೆ ಮುಗಿಯಲು ವರ್ಷಗಳೇ ಹಿಡಿಯುತ್ತವೆ. ಆಮೇಲೆ ಸುತ್ತ ಸಣ್ಣ ಸಣ್ಣ ಗಾಯ ಮಾಡಿ ರಾಳ ಸುರಿಯುವಂತೆ ಮಾಡುತ್ತದೆ, ಹಾವು ಹತ್ತಬಾರದಲ್ಲ! ಕರಗಿ ಸುರಿದ ಮೇಣದಬತ್ತಿಯ ಹಾಗೆ ಕಾಣುವ ಮರವೇ ಗುರುತು. ಹಳೆಯ ಪೈನ್ ಕಾಡು ಕಡಿದು ಹೋಗಿದ್ದರಿಂದ 1970ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತ್ತು. 2024ರಲ್ಲಿ ಅಪಾಯದ ಮಟ್ಟವನ್ನು ಒಂದು ಮೆಟ್ಟಿಲು ಇಳಿಸಿದ್ದಾರೆ, ಆದರೂ ಪೂರ್ತಿ ಪಾರಾಗಿಲ್ಲ. ಹಾಗಾಗಿ ಫೋನಿನಲ್ಲಿ ಅದರ ಕೂಗು ಹಾಕಿ ಕರೆಯಬೇಡಿ. ಪೊಟರೆ ಕಾಣುವ ಹಾಗೆ ದೂರದಲ್ಲಿ ನಿಲ್ಲಿ. ಸೂರ್ಯ ಮುಳುಗುವ ಮುಂಚೆ ಮನೆಮಂದಿಯೆಲ್ಲ ಕೀಚ್ ಕೀಚ್ ಎನ್ನುತ್ತಾ ಬಂದು, ಒಂದೊಂದೇ ತಂತಮ್ಮ ಪೊಟರೆಗೆ ನುಸುಳುತ್ತವೆ. ನಾನು ನೋಡಿದ ದಿನ ಒಂದು ಹಕ್ಕಿ ಒಳಗೆ ಹೋಗಿ, ಮತ್ತೆ ಕೊಕ್ಕು ಮಾತ್ರ ಹೊರಗೆ ಹಾಕಿ, ಒಂದು ನಿಮಿಷ ಹಾಗೇ ಇತ್ತು. ಬೆಳಕು ಸಾಲಲಿಲ್ಲ, ಫೋಟೋ ಪೂರ್ತಿ ಕಾಳುಕಾಳು. ಆದರೂ ಅಳಿಸಿಲ್ಲ.

ಗೇಟು ಮುಚ್ಚುವ ಹೊತ್ತು ಮೊದಲೇ ನೋಡಿಕೊಳ್ಳಿ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿಕೊಳ್ಳಿ, ಆ ಹುಲ್ಲಿನಲ್ಲಿ ಉಣ್ಣಿಗಳ ಕಾಟ ಇದೆ.