ಕಡಲ ಓದು, ಮಲೆನಾಡಿನ ಪ್ರಶ್ನೆಗಳು

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ, ಪಿಸಿಎಂಬಿ. ಕಡಲಜೀವಿಗಳನ್ನೇ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ನಮ್ಮದು ಅಡಿಕೆ ತೋಟ. ಯಾವ ಕೋರ್ಸ್ ಸರಿ? (ಓದುಗರು, ಸಾಗರ)

ಉತ್ತರ: ದಾರಿ ಎರಡಿವೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಬಿ.ಎಫ್.ಎಸ್ಸಿ (ಮೀನುಗಾರಿಕೆ ವಿಜ್ಞಾನದ ಪದವಿ) ನಾಲ್ಕು ವರ್ಷದ್ದು, ಸೀಟು ಸಿಇಟಿ ಮೂಲಕ. ಮೀನುಗಾರಿಕೆ ಇಲಾಖೆಯ ಅಧಿಕಾರಿ ಹುದ್ದೆ, ಸಿಗಡಿ ಕೃಷಿ, ಮೀನು ಸಂಸ್ಕರಣೆ ಮನಸ್ಸಿನಲ್ಲಿದ್ದರೆ ಇದೇ ಸರಿ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ ಮುಗಿಸಿದ ಮೇಲೆ ಇಲಾಖೆಯ ಹುದ್ದೆಗೆ ಬಿ.ಎಫ್.ಎಸ್ಸಿ ಬೇಕೆಂದು ತಿಳಿದು ಪೇಚಾಡುವವರಿದ್ದಾರೆ. ಹಾಗಾಗಿ ಇದು ಈಗಲೇ ಇತ್ಯರ್ಥವಾಗಲಿ. ತೋಟದವರಿಗೆ ಕೃಷಿಕರ ಕೋಟಾ ಉಂಟು. ಅರ್ಜಿ ತುಂಬುವಾಗಲೇ ಅದನ್ನು ಕೇಳಿ, ದಾಖಲೆ ಒದಗಿಸಿ. ಅದರ ಪ್ರಾಯೋಗಿಕ ಪರೀಕ್ಷೆ ತಪ್ಪಿಸಿದರೆ ಕೋಟಾ ಕೈತಪ್ಪಿದಂತೆಯೇ.

ಹವಳ, ಏಡಿ, ಡಾಲ್ಫಿನ್‌ಗಳ ಸಂಶೋಧನೆಯೇ ಬೇಕೆಂದರೆ ಶಿವಮೊಗ್ಗದಲ್ಲೇ ಪ್ರಾಣಿಶಾಸ್ತ್ರ ಓದಿ, ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕೇಂದ್ರದಲ್ಲಿ ಕಡಲ ಜೀವಶಾಸ್ತ್ರದ ಎಂ.ಎಸ್ಸಿಗೆ ಸೇರಬಹುದು. ತಮಿಳುನಾಡಿನ ಪರಂಗಿಪೇಟೆಯಲ್ಲೂ ಈ ವಿಷಯ ಕಲಿಸುತ್ತಾರೆ. ಆಮೇಲೆ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಪಿಎಚ್‌ಡಿ. ಒಟ್ಟು ಹತ್ತು ವರ್ಷದ ಹಾದಿ ಎಂಬುದನ್ನು ಮನೆಯವರೆಲ್ಲ ಕೂತು ಒಪ್ಪಿಕೊಂಡಿರಬೇಕು.

ಪ್ರಶ್ನೆ: ನಾನು ಬಿ.ಎಸ್ಸಿ ಎರಡನೇ ವರ್ಷ. ಘಟ್ಟದ ಮೇಲಿದ್ದು ಕಡಲಿಗೆ ಏನು ತಯಾರಿ ಮಾಡಲಿ? (ವಿದ್ಯಾರ್ಥಿನಿ, ತೀರ್ಥಹಳ್ಳಿ)

ಉತ್ತರ: ನಿಮ್ಮ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ವಿದ್ಯುದಾಗಾರಗಳಿಂದ ಬೇಸಿಗೆಯಲ್ಲೂ ಸಿಹಿನೀರು ಇಳಿಯುವುದರಿಂದ ನದಿ ಕಡಲು ಸೇರುವ ಅದರ ಅಳಿವೆಯಲ್ಲಿ ಉಪ್ಪು ಕಡಿಮೆ, ಬಳಚು ಎಂಬ ಚಿಪ್ಪುಜೀವಿಯೂ ಕಡಿಮೆ. ಪಕ್ಕದ ಅಘನಾಶಿನಿಗೆ ಅಣೆಕಟ್ಟಿಲ್ಲ, ಅಲ್ಲಿ ಬಳಚು ಸಮೃದ್ಧ. ಈ ಎರಡು ಅಳಿವೆಗಳನ್ನು ಹೋಲಿಸುವುದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ನಿಮಗೆ ಬೇರೆ ಸಿಗಲಾರದು.

ಅಮಾವಾಸ್ಯೆ ಇಲ್ಲವೇ ಹುಣ್ಣಿಮೆಯ ಆಸುಪಾಸಿನ ಇಳಿತ ಆರಿಸಿಕೊಳ್ಳಿ. ನೀರು ತೀರಾ ಕೆಳಮಟ್ಟಕ್ಕಿಳಿಯುವ ಸಮಯಕ್ಕಿಂತ ಒಂದೂವರೆ ಗಂಟೆ ಮೊದಲೇ ದಡದ ಮೇಲಿಂದ ಹಗ್ಗ ಎಳೆದು, ನೀರು ಹಿಂದೆ ಸರಿದಂತೆ ಕೆಳಗಿಳಿಯುತ್ತ ಪ್ರತಿ 5 ಮೀಟರಿಗೆ 50 ಸೆಂ.ಮೀ. ಚೌಕಟ್ಟು ಇಟ್ಟು ಅದರೊಳಗಿನ ಜೀವಿಗಳನ್ನು ಎಣಿಸಿ. ತಡವಾಗಿ ಶುರುಮಾಡಿದರೆ ಕೆಳಗಿನ ಪಟ್ಟಿ ತಲುಪುವುದರೊಳಗೆ ನೀರು ಏರಿರುತ್ತದೆ. ಏಡಿ ಕಂಡಲ್ಲೇ ಚೌಕ ಇಟ್ಟರಂತೂ ಲೆಕ್ಕಕ್ಕೆ ಅರ್ಥವೇ ಇಲ್ಲ, ಖಾಲಿ ಚೌಕವನ್ನೂ ಬರೆದುಕೊಳ್ಳಬೇಕು. ಉಪ್ಪಳೆಯುವ ರಿಫ್ರಾಕ್ಟೋಮೀಟರನ್ನು ಮೊದಲು ಬಟ್ಟಿ ಇಳಿಸಿದ ನೀರಿನಿಂದ ಸೊನ್ನೆಗೆ ಹೊಂದಿಸಿ. ತೆರೆದ ಕಡಲು ಸುಮಾರು 35 (ಸಾವಿರ ಭಾಗ ನೀರಿಗೆ 35 ಭಾಗ ಉಪ್ಪು) ತೋರಿಸುತ್ತದೆ. ಅಳಿವೆಯಲ್ಲಿ ಹಗುರವಾದ ಸಿಹಿನೀರು ಮೇಲೆ ತೇಲುವುದರಿಂದ ತಳದ ನೀರನ್ನೂ ಅಳೆಯಿರಿ. ಡಿಎನ್‌ಎ ಪರೀಕ್ಷೆ ಮಾಡುವುದಿದ್ದರೆ ಮಾದರಿಯನ್ನು ಶೇ 95ರ ಎಥನಾಲ್‌ನಲ್ಲಿಡಿ, ಫಾರ್ಮಾಲಿನ್ ಡಿಎನ್‌ಎ ಕೆಡಿಸುತ್ತದೆ. ಹವಳ, ಕಡಲಕುದುರೆ, ಕಡಲಸೌತೆಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ಅವನ್ನು ಎತ್ತಿ ತರಲೇಬಾರದು.

ಪ್ರಶ್ನೆ: ಸ್ಕೂಬಾ (ಉಸಿರಾಟದ ಸಾಧನ ಹೊತ್ತು ನೀರಿನಡಿ ಈಜುವುದು) ಬರದಿದ್ದರೆ ಸೀಟು ಸಿಗದೇ? (ಓದುಗರು, ಹೊಸನಗರ)

ಉತ್ತರ: ಸಿಗುತ್ತದೆ. ಈಜು ಮಾತ್ರ ಕಲಿತಿರಿ, ದೋಣಿ ಹತ್ತುವವರಿಗೆ ಅದು ಜೀವದ ಪ್ರಶ್ನೆ. ಸ್ಕೂಬಾದ ಹಣ ಸದ್ಯ ಕೈಯಲ್ಲಿರಲಿ; ಸೂಕ್ಷ್ಮದರ್ಶಕದಡಿ ಪ್ರಭೇದ ಗುರುತಿಸುವುದು ಮತ್ತು ಸಂಖ್ಯಾಶಾಸ್ತ್ರ, ಇವೆರಡೇ ದಿನನಿತ್ಯ ಕೆಲಸಕ್ಕೆ ಬರುವಂಥವು.