ಜೇಬಿನ ಚಾಕು, ಸೊಂಟದ ಚಾಕು

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿರುವ ಮಗ ಚಾರಣಕ್ಕೆ ಚಾಕು ಒಯ್ಯುತ್ತಾನಂತೆ. ತೊಂದರೆಯಾದೀತೇ?

ಉತ್ತರ: ಯಾವ ಚಾಕು, ಎಲ್ಲಿಟ್ಟುಕೊಳ್ಳುತ್ತಾನೆ ಅನ್ನುವುದರ ಮೇಲೆ ಹೋಗುತ್ತದೆ. ಮಡಚುವ ಚಾಕನ್ನು ಮಡಚಿ ಜೇಬಿನಲ್ಲಿಟ್ಟುಕೊಳ್ಳಬಹುದು. ಗುಂಡಿ ಒತ್ತಿದರೆ ತಾನೇ ಚಿಮ್ಮಿ ತೆರೆಯುವಂಥದ್ದು ಮಾತ್ರ, ಅಲಗು 2 ಇಂಚು ಅಥವಾ ಹೆಚ್ಚಿದ್ದರೆ, ಒಯ್ಯುವಂತಿಲ್ಲ.

ಮಡಚಲಾಗದ ಚಾಕು ಒರೆಯೊಳಗಿದ್ದು, ಸೊಂಟದಿಂದ ತೂಗುತ್ತ, ಎದ್ದು ಕಾಣಬೇಕು. ಹುಡುಗರು ಎಡವುವುದು ಇಲ್ಲೇ: ಚಳಿಗೆ ಜಾಕೆಟ್ ತೊಟ್ಟಾಗ ಅದು ಮರೆಯಾದರೆ ‘ಬಚ್ಚಿಟ್ಟ ಕಠಾರಿ’ಯ ಆರೋಪ ಬರಬಹುದು. ಈರುಳ್ಳಿ ಹೆಚ್ಚುವ ಚಾಕಿಗೂ ಅದೇ ಗತಿ! ವಿಶ್ವವಿದ್ಯಾಲಯದ ಆವರಣಕ್ಕೆ ಅಲಗು 2.5 ಇಂಚು ಮೀರಿದ ಮಡಚದ ಚಾಕು ನಿಷಿದ್ಧ. ಹಾಸ್ಟೆಲ್ ನಿಯಮ ಇನ್ನೂ ಬಿಗಿಯಾಗಿರಬಹುದು, ಓದಿಕೊಳ್ಳಲಿ. ಕಾರಿನಲ್ಲಿ ಹೋಗುವಾಗ ಡಿಕ್ಕಿಯಲ್ಲಿಡುವುದೇ ಕ್ಷೇಮ.