ನೆಟ್‌ವರ್ಕ್ ಸ್ವಿಚ್‌ನ ಒಂದೇ ಪೋರ್ಟ್‌ನಲ್ಲಿ ಓಡುವ ಡೇಟಾಕ್ಕೆ ಎಸ್‌ಎನ್‌ಎಂಪಿ (ನಾವು ಕೇಳಿದಾಗ ಸ್ವಿಚ್ ಹೇಳುವುದು) ಒಂದು ಲೆಕ್ಕ, ಟೆಲಿಮೆಟ್ರಿ (ಸ್ವಿಚ್ ತಾನಾಗೇ ಕಳಿಸುವುದು) ಇನ್ನೊಂದು ಲೆಕ್ಕ ಕೊಡುತ್ತಿದೆ. ಎರಡನ್ನೂ ಹೊಂದಿಸೋ ಟೂಲ್ ಯಾವುದು?

ದಯವಿಟ್ಟು ಲೆಕ್ಕ ಹೊಂದಿಸೋಕೆ ಹೋಗಬೇಡಿ. ನಾನು ಅದನ್ನೇ ಮಾಡಿ ಕೆಟ್ಟೆ.

ಬಳ್ಳಾರಿಯ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿದ್ದೆ. ಸಿರುಗುಪ್ಪ, ಕಂಪ್ಲಿ, ಸಂಡೂರು ಲಿಂಕ್‌ಗಳೆಲ್ಲ ಒಂದೇ ದೊಡ್ಡ ಸ್ವಿಚ್‌ಗೆ. ಏಪ್ರಿಲ್‌ನಲ್ಲಿ ಅದಕ್ಕೊಂದು ಹೊಸ ಕಾರ್ಡ್ ಹಾಕಿದೆವು, ಏನೂ ತೊಂದರೆ ಇರಲಿಲ್ಲ. ಮೇ ತಿಂಗಳ ಒಂದು ಸಂಜೆ ಗಾಳಿಮಳೆಗೆ ಕರೆಂಟ್ ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ಸ್ವಿಚ್ ಮತ್ತೆ ಎದ್ದಾಗ ಪೋರ್ಟ್‌ಗಳ ನಂಬರ್, ಅಂದರೆ ಇಫ್‌ಇಂಡೆಕ್ಸ್, ಬದಲಾಗಿತ್ತು. ನನ್ನ ಶೀಟ್‌ನಲ್ಲಿ '14 ಅಂದ್ರೆ ಸಿರುಗುಪ್ಪ' ಅಂತಿತ್ತು. ಈಗ 14 ಕಂಪ್ಲಿ.

ಟೆಲಿಮೆಟ್ರಿ ಪೋರ್ಟ್ ಹೆಸರಿನ ಮೇಲೆ ಬರುತ್ತಿತ್ತು, ಅದು ಸರಿಯಾಗೇ ಇತ್ತು. ಅದು ಸಿರುಗುಪ್ಪಕ್ಕೆ 920 ಎಂಬಿಪಿಎಸ್ ತೋರಿಸಿತು, ನಂಬರ್ 14ರ ಮೇಲೆ ಓದುತ್ತಿದ್ದ ಎಸ್‌ಎನ್‌ಎಂಪಿ 115. ಹೆಚ್ಚುಕಡಿಮೆ ಎಂಟು ಪಟ್ಟು! ಬೈಟ್ ಲೆಕ್ಕವನ್ನು ಬಿಟ್‌ಗೆ ತರಲು ಎಂಟರಿಂದ ಗುಣಿಸಬೇಕಲ್ವಾ, ಯಾರೋ ಎರಡು ಸಲ ಗುಣಿಸಿದ್ದಾರೆ ಅಂದುಕೊಂಡೆ. ಟೆಲಿಮೆಟ್ರಿಯನ್ನು ಎಂಟರಿಂದ ಭಾಗಿಸುವ ಒಂದು ಸಾಲು ಬರೆದೆ. ಎರಡು ಗ್ರಾಫೂ ಒಂದಾದವು, ನೆಮ್ಮದಿಯಿಂದ ಮನೆಗೆ ಹೋದೆ. ನನ್ನ ತಪ್ಪು ಆ ಒಂದೇ ಸಾಲು. ಸರಿ ಇದ್ದ ಲೆಕ್ಕವನ್ನು ತಪ್ಪು ಲೆಕ್ಕಕ್ಕೆ ತಕ್ಕ ಹಾಗೆ ಕೆಡಿಸಿದ್ದೆ. ಅದು ಯಾವ ಪೋರ್ಟ್ ಅಂತ ಒಂದು ಸಲವೂ ಕೇಳಿ ನೋಡಲಿಲ್ಲ.

ಸಿರುಗುಪ್ಪದ ಲಿಂಕ್ ತುಂಬಿ ತುಳುಕುತ್ತಿತ್ತು. ಜನ ಸ್ಲೋ ಅಂತ ಫೋನ್ ಮಾಡಿದರೆ ನಾನು ಗ್ರಾಫ್ ನೋಡಿ 'ಲೈನ್ ಖಾಲಿ ಇದೆ, ನಿಮ್ಮ ರೂಟರ್ ನೋಡಿಕೊಳ್ಳಿ' ಅಂದೆ. ಒಂದು ರೈಸ್‌ಮಿಲ್ ಸಾವ್ಕಾರರು ಹೊಸ ರೂಟರ್ ತಂದು ಹಾಕಿ ಮತ್ತೆ ಫೋನ್ ಮಾಡಿದರು: 'ನೀವು ಹೇಳಿದ್ದಕ್ಕ ರೊಕ್ಕ ಹಾಕೀನಿ, ಇನ್ನೂ ಹಂಗೇ ಐತಲ್ರಿ?' ಆವತ್ತು ಸ್ವಿಚ್‌ಗೆ 14ರ ಇಫ್‌ನೇಮ್, ಅಂದರೆ ಪೋರ್ಟ್ ಹೆಸರು, ಕೇಳಿದೆ. ಕಂಪ್ಲಿ ಪೋರ್ಟ್ ಹೆಸರು ಬಂತು. ಅಷ್ಟರಲ್ಲಿ ಒಂಬತ್ತು ದಿನ ಕಳೆದಿತ್ತು. ಸಾವ್ಕಾರರು ಮುಂದಿನ ತಿಂಗಳೇ ಕನೆಕ್ಷನ್ ಬಿಟ್ಟರು.

ಹಾಗಾಗಿ ಟೂಲ್ ಆಮೇಲೆ. ಮೊದಲು ಡಿವೈಸ್ ಹೆಸರು, ಇಫ್‌ನೇಮ್ ಎರಡನ್ನೂ ಸೇರಿಸಿ ಗುರುತು ಮಾಡಿಕೊಳ್ಳಿ. ಇಫ್‌ಇಂಡೆಕ್ಸನ್ನು ಶೀಟ್‌ನಲ್ಲಿ ಬರೆದಿಡಲೇಬೇಡಿ, ಪ್ರತಿ ಸಲ ಸ್ವಿಚ್‌ನಿಂದಲೇ ಓದಿ. ಸಿಸ್ಕೋ ಕಂಪನಿಯ ಸ್ವಿಚ್ ಆದರೆ ನಂಬರ್ ಬದಲಾಗದಂತೆ ಇಡುವ 'ಇಫ್‌ಇಂಡೆಕ್ಸ್ ಪರ್ಸಿಸ್ಟ್' ಕಮಾಂಡ್ ಇದೆ, ಹಾಕಿ, ಆದರೂ ಅದನ್ನೇ ನಂಬಿ ಕೂರಬೇಡಿ. ನೆಟ್‌ಫ್ಲೋ (ಯಾರಿಂದ ಯಾರಿಗೆ ಎಷ್ಟು ಡೇಟಾ ಹೋಯಿತು ಅನ್ನೋ ದಾಖಲೆ) ಇದ್ದರೆ ಇನ್ನೂ ಹುಷಾರು, ಅದರ ರೆಕಾರ್ಡ್‌ನಲ್ಲಿ ಸಾಮಾನ್ಯವಾಗಿ ಬರೋದು ಬರೀ ನಂಬರ್. ಯಾವ ದಿನ ಯಾವ ನಂಬರ್ ಯಾವ ಪೋರ್ಟ್ ಆಗಿತ್ತು ಅಂತ ತಾರೀಖಿನ ಸಮೇತ ಇಟ್ಟಿರಬೇಕು.

ಇನ್ನೊಂದು, ಎಸ್‌ಎನ್‌ಎಂಪಿಯಲ್ಲಿ ಪೋರ್ಟ್‌ಗೆ ಒಳಬಂದ ಬೈಟ್ ಎಣಿಸುವ ಇಫ್‌ಇನ್‌ಆಕ್ಟೆಟ್ಸ್ 32 ಬಿಟ್ ಕೌಂಟರ್. ಒಂದು ಜಿಬಿಪಿಎಸ್ ತುಂಬಾ ಓಡಿದರೆ ಸುಮಾರು 34 ಸೆಕೆಂಡಿಗೆ ತುಂಬಿ ಸೊನ್ನೆಗೆ ಬರುತ್ತೆ, ಐದು ನಿಮಿಷಕ್ಕೊಮ್ಮೆ ಓದಿದರೆ ಪ್ರಯೋಜನವಿಲ್ಲ. 64 ಬಿಟ್‌ನ ಇಫ್‌ಎಚ್‌ಸಿಇನ್‌ಆಕ್ಟೆಟ್ಸನ್ನೇ ಟೆಲಿಮೆಟ್ರಿಯ ಇನ್-ಆಕ್ಟೆಟ್ಸ್‌ಗೆ ಜೋಡಿಸಿ. ಎರಡೂ ಬೈಟ್ ಲೆಕ್ಕವೇ. ಅಷ್ಟಾದ ಮೇಲೂ ಎಂಟು ಪಟ್ಟು ವ್ಯತ್ಯಾಸ ಕಂಡರೆ, ಭಾಗಿಸೋಕೆ ಮುಂಚೆ ಪೋರ್ಟ್ ಹೆಸರು ಕೇಳಿ ನೋಡಿ.